ಪರಮಪ್ರಸಾದ ನಮಗೆ ಯಾಕೆ ಕೊಡಲಿಲ್ಲ?

ಈ ಸಲ ಒಂದೇ ಪತ್ರ. ಬರೆದವರು ಬೆಂಗಳೂರಿನ ಒಬ್ಬ ಗೃಹಿಣಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದಲ್ಲಿ ಆರು ಪ್ರಶ್ನೆಗಳಿವೆ, ಒಂದಕ್ಕೊಂದು ಹೆಣೆದುಕೊಂಡಿವೆ. ಬೇರೆ ಧರ್ಮದ ಬೀಗರು, ನೆರೆಯವರು, ಸ್ನೇಹಿತರು ಇರುವ ಮನೆಗಳು ಈಗ ಊರಿನಲ್ಲಿ ಕಡಿಮೆಯೇನಿಲ್ಲ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದಕ್ಕೇ ಜಾಗ ಕೊಟ್ಟಿದ್ದೇವೆ.

ಪತ್ರದ ಸಾರ ಇಷ್ಟು. ಮಗ ಮಂಗಳೂರಿನ ಕ್ಯಾಥೊಲಿಕ್ ಮನೆತನದ ಹುಡುಗಿಯನ್ನು ಮದುವೆಯಾಗಿ ಮೂರು ವರ್ಷ. ಎರಡೂ ಕಡೆಯವರು ಒಪ್ಪಿ ಆದ ಮದುವೆ. ಕಳೆದ ಕ್ರಿಸ್‌ಮಸ್ಸಿಗೆ ಬೀಗರು ಕರೆದರೆಂದು ಗಂಡ ಹೆಂಡತಿ ಇಬ್ಬರೂ ಚರ್ಚಿಗೆ ಹೋದರು. ಪೂಜೆಯ ಕೊನೆಕೊನೆಗೆ ಜನ ಎದ್ದು ಸಾಲಾಗಿ ಮುಂದೆ ಹೋದಾಗ, ಪ್ರಸಾದ ಕೊಡುತ್ತಿದ್ದಾರೆ ಎಂದುಕೊಂಡು ಯಜಮಾನರೂ ಸಾಲಿನಲ್ಲಿ ನಿಂತರು. ತೀರ್ಥಕ್ಕೆ ಒಡ್ಡುವ ಹಾಗೆ ಕೈ ಒಡ್ಡಿದರು. ಫಾದರ್ ಮೆಲ್ಲಗೆ ಏನೋ ಕೇಳಿ, ಕೈಗೆ ಏನೂ ಕೊಡದೆ, ತಲೆಯ ಮೇಲೆ ಕೈಯಿಟ್ಟು ಹರಸಿ ಕಳಿಸಿದರು. "ಅಷ್ಟು ಜನರ ಮುಂದೆ ಬರಿಗೈಲಿ ವಾಪಸ್ ಬಂದೆ" ಎಂಬ ನೋವು ಅವರಿಗೆ ಇಳಿದಿಲ್ಲ. ಆಮೇಲೆ ಮಗನ ಮನೆಯ ಹೊಸ್ತಿಲು ತುಳಿದಿಲ್ಲ. ಮೊಮ್ಮಗಳನ್ನು ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ. ಈಗ ಮಗುವಿಗೆ ನಾಲ್ಕು ತಿಂಗಳು; ಮುಂದಿನ ತಿಂಗಳು ಅದೇ ಚರ್ಚಿನಲ್ಲಿ ಜ್ಞಾನಸ್ನಾನ ಇದೆ. "ನೀನು ಬೇಕಾದರೆ ಹೋಗು, ನಾನಂತೂ ಬರೋದಿಲ್ಲ" ಎಂದು ಅವರು ಹೇಳಿಬಿಟ್ಟಿದ್ದಾರೆ.

ತಾಯೀ, ನಿಮ್ಮ ಪ್ರಶ್ನೆಗಳನ್ನು ನೀವು ಬರೆದ ಕ್ರಮದಲ್ಲೇ ತೆಗೆದುಕೊಳ್ಳುತ್ತೇವೆ.

ಪ್ರಶ್ನೆ 1: ನಮ್ಮ ದೇವಸ್ಥಾನದಲ್ಲಿ ಯಾರು ಬಂದರೂ ಪ್ರಸಾದ ಕೊಡುತ್ತಾರೆ. ಅವರೂ ಅದನ್ನು ಪರಮಪ್ರಸಾದ ಅಂತಲೇ ಕರೆಯುತ್ತಾರೆ. ಹಾಗಿದ್ದ ಮೇಲೆ ನಮಗೆ ಯಾಕೆ ಕೊಡಲಿಲ್ಲ?

ಉತ್ತರ: ಗೊಂದಲ ಹುಟ್ಟಿದ್ದು ಆ ಹೆಸರಿನಿಂದಲೇ. ಕನ್ನಡದ ಕ್ಯಾಥೊಲಿಕರು ಅದಕ್ಕೆ ಪರಮಪ್ರಸಾದ ಎಂಬ ಚಂದದ ಹೆಸರಿಟ್ಟರು. ನಾವು ಪ್ರಸಾದ ಎಂದ ಕೂಡಲೇ ನೆನೆಸಿಕೊಳ್ಳುವುದು ಪಂಚಕಜ್ಜಾಯ, ಸಪಾದ, ಲಾಡು. ದೇವರಿಗೆ ನೈವೇದ್ಯ ಆಯಿತು, ಇನ್ನು ಬಂದವರಿಗೆಲ್ಲ ಹಂಚುವುದು, ಬೇಡ ಎಂದರೆ ನಮಗೇ ಬೇಸರ. ಅವರ ಪರಮಪ್ರಸಾದ ಆ ಜಾತಿಯದಲ್ಲ. ಅದನ್ನು ನಮ್ಮಲ್ಲಿ ಯಾವುದಕ್ಕಾದರೂ ಹೋಲಿಸಬೇಕೆಂದರೆ ದೀಕ್ಷೆಗೆ ಹೋಲಿಸಬೇಕು.

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಊಟಕ್ಕೆ ಕೂತು, ರೊಟ್ಟಿಯನ್ನು ಮುರಿದು ಹಂಚಿ, ಇದು ನನ್ನ ದೇಹ ಎಂದೂ, ದ್ರಾಕ್ಷಾರಸದ ಪಾತ್ರೆಯನ್ನು ಕೊಟ್ಟು ಇದು ನನ್ನ ರಕ್ತ ಎಂದೂ ಹೇಳಿದ ಎಂಬುದು ಅವರ ನಂಬಿಕೆಯ ತಾಯಿಬೇರು. ಬಲಿಪೂಜೆಯಲ್ಲಿ ಗುರುಗಳು ಮಾಡುವುದು ಆ ಊಟದ ಸ್ಮರಣೆ. ಸ್ಮರಣೆ ಮಾತ್ರವಲ್ಲ, ಆ ಪ್ರಾರ್ಥನೆಯ ನಂತರ ಗೋಧಿ ಹಿಟ್ಟು ಮತ್ತು ನೀರಿನಿಂದ ಮಾಡಿದ ಆ ತೆಳು ಬಿಲ್ಲೆ ಕ್ರಿಸ್ತನ ದೇಹವೇ ಆಗುತ್ತದೆ ಎಂದು ಕ್ಯಾಥೊಲಿಕರು ನಂಬುತ್ತಾರೆ. ಕೊಡುವಾಗ ಗುರುಗಳು "ಕ್ರಿಸ್ತನ ದೇಹ" ಎನ್ನುತ್ತಾರೆ, ತೆಗೆದುಕೊಳ್ಳುವವರು "ಆಮೆನ್" ಎನ್ನುತ್ತಾರೆ. ಹೌದು, ನಾನು ಇದನ್ನು ನಂಬುತ್ತೇನೆ ಎಂದು ಅದರ ಅರ್ಥ. ಅದೊಂದು ಮಾತು ಕೊಟ್ಟ ಹಾಗೆ. ನಂಬದವರ ಬಾಯಲ್ಲಿ ಆ ಮಾತು ಹೇಳಿಸುವುದು ಅವರಿಗೂ ಮರ್ಯಾದೆಯಲ್ಲ, ಆ ಸಂಸ್ಕಾರಕ್ಕೂ ಮರ್ಯಾದೆಯಲ್ಲ.

ನಮ್ಮಲ್ಲೂ ಇದು ಇದೆ ನೋಡಿ. ಉಪನಯನ ಆಗದ ಹುಡುಗನಿಗೆ ಗಾಯತ್ರಿ ಜಪ ಮಾಡು ಎನ್ನುವುದಿಲ್ಲ. ಇಷ್ಟಲಿಂಗ ಧರಿಸಿದವರು ಅದನ್ನು ತಮ್ಮ ಅಂಗೈಯಲ್ಲೇ ಇಟ್ಟು ಪೂಜಿಸುತ್ತಾರೆ, ನೋಡಲು ಬಂದವರ ಕೈಗೆ ಕೊಡುವುದಿಲ್ಲ. ಗುರುಗಳು ಕಿವಿಯಲ್ಲಿ ಹೇಳಿದ ಮಂತ್ರವನ್ನು ಬೀಗರು ಕೇಳಿದರೆಂದು ಯಾರೂ ಹೇಳುವುದಿಲ್ಲ. ಅದರಿಂದ ಬೀಗರಿಗೆ ಅವಮಾನ ಮಾಡಿದೆವು ಎಂದು ನಮಗೆ ಅನಿಸಿದೆಯೇ?

ಇನ್ನೊಂದು ಮಾತು. ಅವರವರಲ್ಲೇ ಎಲ್ಲರೂ ಎಲ್ಲ ದಿನವೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಒಂದು ಗಂಟೆ ಮುಂಚಿನಿಂದ ನೀರು, ಔಷಧ ಬಿಟ್ಟು ಬೇರೇನೂ ಸೇವಿಸಬಾರದು. ದೊಡ್ಡ ಪಾಪ ಮಾಡಿದ್ದೇನೆ ಎಂಬ ಅರಿವಿದ್ದರೆ ಮೊದಲು ಗುರುಗಳ ಹತ್ತಿರ ಪಾಪನಿವೇದನೆ ಮಾಡಬೇಕು. ಆ ಕ್ರಿಸ್‌ಮಸ್ ದಿನ ಬೆಂಚಿನಲ್ಲೇ ಕೂತಿದ್ದ ಕ್ಯಾಥೊಲಿಕರೂ ಇದ್ದಿರಬಹುದು. ಹಾಗೆ ಕೂತವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಸಾಲಿನಲ್ಲಿ ಬಂದು, ಎದೆಯ ಮೇಲೆ ಕೈ ಅಡ್ಡ ಕಟ್ಟಿ ನಿಂತು, ಬರೀ ಆಶೀರ್ವಾದ ಪಡೆದು ಹೋಗುವ ರೂಢಿ ಎಷ್ಟೋ ಕಡೆ ಉಂಟು. ನಿಮ್ಮ ಯಜಮಾನರಿಗೆ ಸಿಕ್ಕಿದ್ದು ಅದೇ. ಅವರು ಬರಿಗೈಲಿ ಬಂದಿರಬಹುದು, ಬರಿದಲೆಯಲ್ಲಿ ಬರಲಿಲ್ಲ. ತಲೆಯ ಮೇಲೆ ಒಂದು ಹರಕೆ ಇತ್ತು. ಇದನ್ನು ಅವರಿಗೆ ನಿಧಾನವಾಗಿ ಹೇಳಿ. ಮಗನೋ ಬೀಗರೋ ಮುಂಚೆಯೇ ಒಂದು ಮಾತು ತಿಳಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಓದುಗರಿಗೆಲ್ಲ ಹೇಳುವುದು ಇದೇ: ಬೇರೆಯವರ ಪೂಜೆಗೆ ಹೋಗುವ ಮುಂಚೆ, ನಾವು ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಏನು ಮಾಡಬಾರದು ಎಂದು ಕೇಳಿಕೊಳ್ಳಿ. ನಮ್ಮ ಮನೆಗೆ ಬರುವವರಿಗೂ ಹೇಳಿ.

ಪ್ರಶ್ನೆ 2: ಬೀಗಿತ್ತಿಯ ತಂಗಿಯ ಗಂಡನೂ ಕ್ರೈಸ್ತರೇ, ಸಿಎಸ್‌ಐ ಚರ್ಚಿನವರು. ಅವರೂ ಅವತ್ತು ಏಳದೆ ಕೂತಿದ್ದರು. ಒಬ್ಬನೇ ಯೇಸು, ಒಂದೇ ಬೈಬಲ್. ಅವರವರಲ್ಲೇ ಒಗ್ಗಟ್ಟಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆ ಅವರ ಮನೆಯ ಹಳೆಯ ನೋವಿಗೇ ತಾಗುತ್ತದೆ. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧಿಕಾರಿಗಳು ಒಬ್ಬರನ್ನೊಬ್ಬರು ಬಹಿಷ್ಕರಿಸಿದರು. ಆ ಬಹಿಷ್ಕಾರಗಳನ್ನು ಎರಡೂ ಕಡೆಯವರು ಹಿಂದಕ್ಕೆ ತೆಗೆದುಕೊಂಡದ್ದು 1965ರ ಡಿಸೆಂಬರ್ 7ರಂದು, ಒಂಬೈನೂರು ವರ್ಷದ ಮೇಲೆ! 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಪ್ರಾಟೆಸ್ಟೆಂಟ್ ಸಭೆಗಳು ಬೇರೆಯಾದವು, ಅವು ಮತ್ತೆ ಕವಲೊಡೆದವು. ಇಂಗ್ಲೆಂಡಿನವರು ಆಂಗ್ಲಿಕನ್, ಮೆಥಡಿಸ್ಟ್ ಎಂದು, ಸ್ಕಾಟ್ಲೆಂಡಿನವರು ಪ್ರೆಸ್ಬಿಟೇರಿಯನ್ ಎಂದು ಬೇರೆ ಬೇರೆ ಹೆಸರು ಹೊತ್ತು ನಮ್ಮ ದೇಶಕ್ಕೆ ಬಂದರು. ಇಲ್ಲಿ ಕ್ರೈಸ್ತರಾದವರು ತಾವು ಆಡದ ಜಗಳಗಳನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಕಾಯಿತು.

ಇದು ಸರಿಯಲ್ಲ ಎಂದು ಗಟ್ಟಿಯಾಗಿ ಹೇಳಿದ್ದು ನಮ್ಮ ದಕ್ಷಿಣ ಭಾರತದವರೇ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಪಾಲಕರು ಸೇರಿ, ಈ ಭೇದಗಳು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ಬಂದದ್ದು, ಒಂದಾಗೋಣ ಎಂದು ಬರೆದು ಸಹಿ ಹಾಕಿದರು. ಅದರ ಮುಂದಾಳು ವಿ.ಎಸ್. ಅಜರಯ್ಯ. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಆ ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ತಾವು ನೆಟ್ಟ ಮರದ ಹಣ್ಣು ಅವರಿಗೆ ಸಿಗಲಿಲ್ಲ. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಸೇರಿ ಒಂದಾದರು. ಅದೇ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಬಿಷಪರನ್ನು ಒಪ್ಪುವವರೂ ಬಿಷಪರೇ ಬೇಡ ಎನ್ನುವವರೂ ಒಂದೇ ಸೂರಿನಡಿ ಬಂದರು.

ಬೆಂಗಳೂರಿನವರಿಗೆ ಕಣ್ಣಿಗೆ ಕಾಣುವ ಉದಾಹರಣೆ ಬೇಕೇ? ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನರದಾಗಿತ್ತು. ಕಾರ್ಪೊರೇಷನ್ ಹತ್ತಿರ, ಹಡ್ಸನ್ ಸರ್ಕಲ್ ಎಂದು ನಾವೆಲ್ಲ ಕರೆಯುವ ಜಾಗಕ್ಕೆ ಹೆಸರು ಕೊಟ್ಟ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮೆಥಡಿಸ್ಟರದು. ಇವತ್ತು ಎರಡೂ ಸಿಎಸ್‌ಐ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುತ್ತೇವೆ. ಇಷ್ಟು ದೊಡ್ಡ ರಾಜಿ ಒಂದು ಆ ಗೋಡೆಗಳ ಹಿಂದೆ ನಡೆದಿದೆ ಎಂದು ಗೊತ್ತಿರುವುದಿಲ್ಲ.

ಆದರೂ ಸಿಎಸ್‌ಐನವರಿಗೂ ಕ್ಯಾಥೊಲಿಕರಿಗೂ ಪ್ರಭುಭೋಜನದ ಪಂಕ್ತಿ ಇನ್ನೂ ಒಂದಾಗಿಲ್ಲ. ಆ ರೊಟ್ಟಿಗೆ ಏನಾಗುತ್ತದೆ, ಅದನ್ನು ಹರಸುವ ಅಧಿಕಾರ ಯಾರಿಗಿದೆ ಎಂಬಲ್ಲಿ ಒಪ್ಪಂದವಿಲ್ಲ. ಆದರೆ ಪಂಕ್ತಿಯಲ್ಲಿ ಬೇರೆಯಾದವರು ನೀರಿನಲ್ಲಿ ಒಂದಾಗಿದ್ದಾರೆ. ಸಿಎಸ್‌ಐ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು ನಾಳೆ ಕ್ಯಾಥೊಲಿಕರಾದರೆ ಮತ್ತೆ ಸ್ನಾನ ಮಾಡಿಸುವುದಿಲ್ಲ; ಆಗಿರುವುದೇ ಸಾಕು ಎಂದು ಒಪ್ಪುತ್ತಾರೆ. ಶಿಶುವಿಗೆ ಸ್ನಾನ ಮಾಡಿಸುವುದನ್ನೇ ಒಪ್ಪದ ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳ ವಿಚಾರ ಬೇರೆ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥನಾ ಸಪ್ತಾಹ ಮಾಡುತ್ತಾರೆ. ಅದು ಶುರುವಾದದ್ದು 1908ರಲ್ಲಿ. ಆ ಎಂಟು ದಿನ ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗಿ ಕೂತು ಪ್ರಾರ್ಥಿಸುವುದುಂಟು.

ಹಾಗಾಗಿ ಅವತ್ತು ಬೆಂಚಿನಲ್ಲಿ ಕೂತಿದ್ದ ಆ ಚಿಕ್ಕಪ್ಪನವರನ್ನು ಒಂದು ಸಲ ನೆನೆಸಿಕೊಳ್ಳಿ. ನಿಮ್ಮ ಯಜಮಾನರಿಗಿಂತ ಅವರಿಗೆ ಆ ರೊಟ್ಟಿಯ ಬೆಲೆ ಹೆಚ್ಚು ಗೊತ್ತು. ಹಸಿವು ಹೆಚ್ಚಿದ್ದವರು ಅವರು. ಆದರೂ ಮುನಿಸಿಕೊಂಡು ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೂತಿದ್ದರು, ಆಮೇಲೆ ಬೀಗರ ಮನೆಯಲ್ಲಿ ಎಲ್ಲರ ಜೊತೆ ಊಟ ಮಾಡಿದರು ಎಂದು ನೀವೇ ಬರೆದಿದ್ದೀರಿ.

ಪ್ರಶ್ನೆ 3: ಎಲ್ಲರೂ ಒಂದೇ ದೇಹ ಅಂತ ಹೇಳುತ್ತಾ ಕೆಲವರನ್ನು ದೂರ ಇಡುವುದು ಸರಿಯೇ ಅಂತ ನಮ್ಮ ಮನೆಯವರು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಇದೇ ಪ್ರಶ್ನೆಯನ್ನು ಸುಮಾರು ಎರಡು ಸಾವಿರ ವರ್ಷದ ಹಿಂದೆ ಸಂತ ಪೌಲ ಕೇಳಿದ್ದಾನೆ ಎಂದು ಹೇಳಿ. ಬೈಬಲಿನಲ್ಲಿ ಅವನು ಗ್ರೀಸಿನ ಕೊರಿಂಥ ಪಟ್ಟಣದವರಿಗೆ ಬರೆದ ಮೊದಲನೆಯ ಪತ್ರ ಇದೆ. ಅದರ ಹನ್ನೊಂದನೆಯ ಅಧ್ಯಾಯ ಓದಿದರೆ ನಮ್ಮ ಮದುವೆಮನೆಯ ಪಂಕ್ತಿ ಕಣ್ಣಮುಂದೆ ಬರುತ್ತದೆ.

ಆ ಕಾಲಕ್ಕೆ ಚರ್ಚಿನ ಕಟ್ಟಡ ಇರಲಿಲ್ಲ. ಭಕ್ತರಲ್ಲಿ ಅನುಕೂಲವಂತರ ಮನೆಯಲ್ಲಿ ಸಂಜೆ ಸೇರುತ್ತಿದ್ದರು. ಪ್ರಭುಭೋಜನ ಒಂದು ಪೂರ್ತಿ ಊಟದ ಜೊತೆಗೇ ನಡೆಯುತ್ತಿತ್ತು. ರೋಮನ್ ಕಾಲದ ಮನೆಯ ಊಟದ ಕೋಣೆಯಲ್ಲಿ ಕೆಲವರಿಗಷ್ಟೇ ಜಾಗ. ಉಳಿದವರು ಹೊರಗಿನ ಅಂಗಳದಲ್ಲಿ ಕೂರಬೇಕಾಗಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಉಳ್ಳವರು ಬೇಗ ಬಂದು ತಿಂದು ಕುಡಿದು ಮುಗಿಸಿಬಿಡುತ್ತಿದ್ದರು. ಕೂಲಿಯವರು, ಗುಲಾಮರು ಕೆಲಸ ಮುಗಿಸಿ ಬರುವ ಹೊತ್ತಿಗೆ ಪಾತ್ರೆ ಖಾಲಿ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಪೌಲ ಸಿಟ್ಟಾದ. ಹೀಗೆ ಮಾಡುವುದಾದರೆ ನೀವು ತಿನ್ನುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂಬರ್ಥದಲ್ಲಿ ಬರೆದ. ಆಮೇಲೆ ಎರಡು ಬುದ್ಧಿಮಾತು ಹೇಳಿದ: ಆ ರೊಟ್ಟಿ ತಿನ್ನುವ ಮುಂಚೆ ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ, ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಗಮನಿಸಿ, ಇನ್ನೊಬ್ಬರನ್ನು ಪರೀಕ್ಷಿಸಿ ಎಂದು ಅವನು ಹೇಳಲಿಲ್ಲ. ತನ್ನನ್ನು ತಾನು ನೋಡಿಕೊಳ್ಳುವುದು, ಇನ್ನೊಬ್ಬರಿಗಾಗಿ ಕಾಯುವುದು, ಇವೆರಡರಲ್ಲೇ ಅವನ ಐಕ್ಯ ಇದೆ. ಕ್ರೈಸ್ತರು ಇದರಲ್ಲಿ ಗೆದ್ದುಬಿಟ್ಟಿದ್ದಾರೆ ಎಂದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತಂಜಾವೂರಿನ ಕಡೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು, ಪ್ರಭುಭೋಜನದ ಪಾತ್ರೆ ಮೊದಲು ಅವರಿಗೆ ಹೋಗಬೇಕಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದು ಕೂಡದು ಎಂದು ಸುತ್ತೋಲೆ ಹೊರಡಿಸಿದಾಗ ಎಷ್ಟೋ ಮನೆತನಗಳು ಸಭೆಯನ್ನೇ ಬಿಟ್ಟು ಹೋದವು. ದಲಿತ ಕ್ರೈಸ್ತರ ನೋವು ಇವತ್ತಿಗೂ ಮುಗಿದಿಲ್ಲ ಎಂದು ಅವರ ಬಿಷಪರೇ ಒಪ್ಪಿಕೊಂಡಿದ್ದಾರೆ. ನಮ್ಮ ಪಂಕ್ತಿಭೇದದ ಕಥೆ ನಮಗೆ ಗೊತ್ತೇ ಇದೆ. ಆದ್ದರಿಂದ ಈ ವಿಷಯದಲ್ಲಿ ಅವರಿಗೆ ನಾವು, ನಮಗೆ ಅವರು ಪಾಠ ಹೇಳುವ ಸ್ಥಿತಿಯಲ್ಲಿ ಯಾರೂ ಇಲ್ಲ.

ಹುಟ್ಟಿನ ಕಾರಣಕ್ಕೆ ದೂರ ಇಡುವುದು ಬೇರೆ, ಒಂದು ವ್ರತಕ್ಕೆ ಮಾತು ಕೊಡದವರನ್ನು ಆ ವ್ರತದ ಭಾಗವಾಗಿಸದೆ ಇರುವುದು ಬೇರೆ. ಮೊದಲನೆಯದು ತಪ್ಪು, ಎರಡನೆಯದು ತಪ್ಪಲ್ಲ. ಯಜಮಾನರಿಗೆ ಈ ವ್ಯತ್ಯಾಸ ತಿಳಿಸಿ.

ಪ್ರಶ್ನೆ 4: ಸೊಸೆ ನಮ್ಮ ಸತ್ಯನಾರಾಯಣ ಪೂಜೆಗೆ ಬರುತ್ತಾಳೆ, ಹೂ ಕಟ್ಟುತ್ತಾಳೆ, ಬಡಿಸುತ್ತಾಳೆ. ಆದರೆ ಪ್ರಸಾದ ಮಾತ್ರ ತಗೊಳ್ಳೋಲ್ಲ. ಇದು ಸರಿಯೇ?

ಉತ್ತರ: ಇದಕ್ಕೂ ಆ ಕೊರಿಂಥದ ಪತ್ರದಲ್ಲೇ ಬೇರಿದೆ. ಆ ಊರಿನಲ್ಲಿ ಬೇರೆ ದೇವತೆಗಳಿಗೆ ಅರ್ಪಿಸಿದ ಆಹಾರವನ್ನು ತಿನ್ನಬಹುದೋ ಬಾರದೋ ಎಂದು ದೊಡ್ಡ ಚರ್ಚೆಯಾಗಿತ್ತು. ಕೆಲವರಿಗೆ ಏನೂ ಅನಿಸುತ್ತಿರಲಿಲ್ಲ, ಕೆಲವರಿಗೆ ಮನಸ್ಸು ಚುಚ್ಚುತ್ತಿತ್ತು. ಗುಡಿಯ ಪಂಕ್ತಿಯಲ್ಲಿ ಕೂರಬೇಡಿ, ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ಕೊಳ್ಳಬಹುದು, ಆದರೆ ನೀವು ತಿನ್ನುವುದರಿಂದ ಇನ್ನೊಬ್ಬನ ಮನಸ್ಸಾಕ್ಷಿಗೆ ನೋವಾಗುವುದಾದರೆ ಬಿಡಿ ಎಂದು ಪೌಲ ಎಲ್ಲವನ್ನೂ ತೂಗಿ ಬರೆದ. ರೋಮಿನವರಿಗೆ ಬರೆದ ಪತ್ರದಲ್ಲಂತೂ ಸಸ್ಯಾಹಾರಿಗಳ ಮಾತೇ ಬರುತ್ತದೆ: ಎಲ್ಲ ತಿನ್ನುವವನು ಬರೀ ಕಾಯಿಪಲ್ಲೆ ತಿನ್ನುವವನನ್ನು ಹೀನಾಯ ಮಾಡಬಾರದು, ಇವನು ಅವನ ಮೇಲೆ ತೀರ್ಪು ಕೊಡಬಾರದು.

ಇವತ್ತಿಗೂ ಕ್ರೈಸ್ತರಲ್ಲಿ ಪ್ರಸಾದ ತೆಗೆದುಕೊಳ್ಳುವವರು ಇದ್ದಾರೆ, ತೆಗೆದುಕೊಳ್ಳದವರು ಇದ್ದಾರೆ. ನಿಮ್ಮ ಸೊಸೆಗೆ ಅದು ಮನಸ್ಸಾಕ್ಷಿಯ ವಿಷಯ. ನಿಮ್ಮ ಯಜಮಾನರಿಗೆ ಅಲ್ಲಿ ಕೊಡದೆ ಇದ್ದದ್ದು, ಇಲ್ಲಿ ಆಕೆ ತೆಗೆದುಕೊಳ್ಳದೆ ಇರುವುದು, ಎರಡರ ಹಿಂದೆಯೂ ಒಂದೇ ಕಾರಣ: ಅರ್ಪಿಸಿದ ಅನ್ನ ಬರೀ ಅನ್ನವಲ್ಲ ಎಂಬ ನಂಬಿಕೆ. ಆ ನಂಬಿಕೆ ನಮಗೂ ಇದೆಯಲ್ಲ? ಹಾಗಾದರೆ ಆಕೆಯನ್ನು ಅರ್ಥ ಮಾಡಿಕೊಳ್ಳುವುದು ನಮಗೆ ಸುಲಭವಾಗಬೇಕು. ಬಲವಂತ ಮಾಡಬೇಡಿ, ನೆಂಟರ ಮುಂದೆ ಕೇಳಬೇಡಿ, ಪಾಯಸದಲ್ಲಿ ಸೇರಿಸಿ ಗೊತ್ತಾಗದ ಹಾಗೆ ಕೊಡುವುದಂತೂ ಬೇಡವೇ ಬೇಡ. ಆ ದಿನ ನೈವೇದ್ಯಕ್ಕೆ ಸೇರದ ಒಂದು ಸಿಹಿಯನ್ನು ಬೇರೆ ಪಾತ್ರೆಯಲ್ಲೇ ಮಾಡಿ, ಮೊದಲು ಆಕೆಗೆ ಬಡಿಸಿ. ಪೂಜೆಗೆ ಹೂ ಕಟ್ಟಿಕೊಟ್ಟ ಕೈಗೆ ಅಷ್ಟು ಸಲ್ಲಬೇಕು.

ಇನ್ನು, ನಮ್ಮ ಪ್ರಸಾದಕ್ಕೆ ಹತ್ತಿರವಾದದ್ದು ಅವರಲ್ಲಿ ಏನೂ ಇಲ್ಲವೇ ಎಂದರೆ, ಇದೆ. ಮಂಗಳೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮೇರಿಮಾತೆಯ ಜನ್ಮದಿನವನ್ನು ಮೊಂತಿ ಹಬ್ಬವೆಂದು ಆಚರಿಸುತ್ತಾರೆ. ಅದು ತೆನೆಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಹರಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಆ ತೆನೆಯ ಅಕ್ಕಿಯನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಮಂದಿಯೆಲ್ಲ ಸೇರಿ ಪ್ರಾರ್ಥಿಸಿ ಹಂಚಿಕೊಳ್ಳುತ್ತಾರೆ. ಆ ದಿನ ಊಟ ಪೂರ್ತಿ ಸಸ್ಯಾಹಾರ, ಬಾಳೆ ಎಲೆಯ ಮೇಲೆ. ಕರಾವಳಿಯ ಹಿಂದೂ ಮನೆಗಳಲ್ಲೂ ಹೊಸ ಅಕ್ಕಿ ಊಟ, ತೆನೆ ಕಟ್ಟುವುದು ಇದೆ. ಒಂದೇ ಗದ್ದೆಯಿಂದ ಬಂದ ಹಬ್ಬಗಳು. ಇದು ಪರಮಪ್ರಸಾದದ ಹಾಗೆ ಸಂಸ್ಕಾರವಲ್ಲ, ಮನೆಗೆ ಬಂದವರು ಯಾರೂ ಉಣ್ಣಬಹುದು. ಬರುವ ಸೆಪ್ಟೆಂಬರಿನಲ್ಲಿ ಬೀಗರ ಮನೆಯ ಆ ಎಲೆಯ ಮುಂದೆ ನಿಮ್ಮ ಯಜಮಾನರು ಕೂರುವಂತಾಗಲಿ.

ಪ್ರಶ್ನೆ 5: ಮೊಮ್ಮಗಳ ಜ್ಞಾನಸ್ನಾನಕ್ಕೆ ನಾನು ಹೋಗಬಹುದೇ? ಮೈಲಿಗೆ ಅಂತೇನಾದರೂ ಇದೆಯೇ? ನಾಮಕರಣ ಇನ್ನೂ ಆಗಿಲ್ಲ. ನಮ್ಮ ಮನೆಗೆ ಮಗು ಬಂದಾಗ ಸದ್ದಿಲ್ಲದೆ ಮಾಡಿಬಿಡಬಹುದೇ?

ಉತ್ತರ: ಹೋಗಬಹುದು ಎನ್ನುವುದಕ್ಕಿಂತ ಹೋಗಬೇಕು ಎನ್ನುತ್ತೇವೆ. ಸೂತಕ ಬರುವುದು ನೆಂಟರಿಷ್ಟರ ಜನನ ಮರಣಗಳಿಂದ. ಇನ್ನೊಬ್ಬರು ದೇವರನ್ನು ನೆನೆಯುವ ಜಾಗದಲ್ಲಿ ಕೈಮುಗಿದು ಕೂತು ಬಂದರೆ ಸೂತಕವಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದರೆ ಸಾಕು.

ಅಲ್ಲಿ ಏನಾಗುತ್ತದೆ ಎಂದು ತಿಳಿದಿರಲಿ. ಮೊದಲಿಗೇ ಗುರುಗಳು ತಂದೆತಾಯಿಯನ್ನು, ಮಗುವಿಗೆ ಏನು ಹೆಸರು ಕೊಡುತ್ತೀರಿ ಎಂದು ಕೇಳುತ್ತಾರೆ. ಆಮೇಲೆ ಮಗುವಿಗೆ ಎಣ್ಣೆ ಹಚ್ಚುತ್ತಾರೆ, ತಲೆಯ ಮೇಲೆ ಮೂರು ಸಲ ನೀರೆರೆಯುತ್ತಾರೆ, ಬಿಳಿ ಬಟ್ಟೆ ಹೊದಿಸುತ್ತಾರೆ. ಈಸ್ಟರಿನ ದೊಡ್ಡ ಮೇಣದಬತ್ತಿಯಿಂದ ಚಿಕ್ಕದೊಂದನ್ನು ಹಚ್ಚಿ ಮನೆಯವರ ಕೈಗೆ ಕೊಡುತ್ತಾರೆ. ಹೆಸರು, ಎಣ್ಣೆ, ನೀರು, ಹೊಸಬಟ್ಟೆ, ದೀಪ: ಅಜ್ಜಿಗೆ ಇದರಲ್ಲಿ ಹೊಸತು ಯಾವುದೂ ಇಲ್ಲ. ಧರ್ಮಪಿತ, ಧರ್ಮಮಾತೆ ಎಂದು ನಿಲ್ಲುವವರು ಕ್ಯಾಥೊಲಿಕರೇ ಆಗಿರಬೇಕು ಎಂಬ ನಿಯಮವಿದೆ. ನಿಮ್ಮನ್ನು ಕರೆಯಲಿಲ್ಲವೆಂದು ಮತ್ತೆ ನೊಂದುಕೊಳ್ಳಬೇಡಿ. ಮುಂದಿನ ಸಾಲಿನಲ್ಲಿ ಕೂತು ನೋಡಿ. ಬಲಿಪೂಜೆಯೂ ಇದ್ದರೆ ಜನ ಎದ್ದಾಗ ನೀವು ಕೂತೇ ಇರಿ, ಅಥವಾ ಕೈ ಕಟ್ಟಿ ಹೋಗಿ ಹರಕೆ ಪಡೆಯಿರಿ.

ಇಲ್ಲಿ ಇನ್ನೊಂದು ವಿಷಯ ತಿಳಿಸಬೇಕು. ಕ್ರೈಸ್ತರಲ್ಲದವರನ್ನು ಚರ್ಚಿನ ಅನುಮತಿಯಿಂದ ಮದುವೆಯಾಗುವ ಕ್ಯಾಥೊಲಿಕರು, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ತಮ್ಮ ನಂಬಿಕೆಯಲ್ಲಿ ಬೆಳೆಸಲು ಕೈಲಾದ ಪ್ರಯತ್ನ ಮಾಡುತ್ತೇನೆಂದು ಮಾತು ಕೊಡಬೇಕು. ಎದುರಿನವರಿಂದ ಆ ಮಾತು ತೆಗೆದುಕೊಳ್ಳುವುದಿಲ್ಲ, ಆದರೆ ಅವರಿಗೆ ಅದನ್ನು ತಿಳಿಸಿರಬೇಕು. ನಿಮ್ಮ ಸೊಸೆ ಚರ್ಚಿನಲ್ಲಿ ಮದುವೆಯಾಗಿದ್ದರೆ ಈ ಮಾತು ಕೊಟ್ಟಿರುತ್ತಾಳೆ, ನಿಮ್ಮ ಮಗನಿಗೆ ಗೊತ್ತಿರುತ್ತದೆ. ಆಕೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಾಳೆ. ಮಾತು ಉಳಿಸಿಕೊಳ್ಳುವ ಸೊಸೆ ಬೇಡವೇ?

ನಾಮಕರಣವನ್ನು ಗುಟ್ಟಾಗಿ ಮಾಡಬೇಡಿ. ಅದನ್ನು ಸಾಮಾನ್ಯವಾಗಿ ಹನ್ನೊಂದು, ಹನ್ನೆರಡನೆಯ ದಿನ ಮಾಡುತ್ತಾರೆ. ತಪ್ಪಿದರೆ ಮುಂದೆ ಒಳ್ಳೆಯ ದಿನ ನೋಡಿ ಮಾಡುವುದುಂಟು, ಕಾಲದ ಅಡ್ಡಿಯಿಲ್ಲ. ಅಡ್ಡಿ ಇರುವುದು ಗುಟ್ಟಿನಲ್ಲಿ. ಸಂಸ್ಕಾರಕ್ಕೆ ಸಂಕಲ್ಪ ಬೇಕು. ತಂದೆತಾಯಿಗೆ ಗೊತ್ತಿಲ್ಲದ ಸಂಕಲ್ಪಕ್ಕೆ ಅರ್ಥವಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ಹೋಮ, ಮಂತ್ರ ಬೇಡವೆಂದರೆ ತೊಟ್ಟಿಲಿಗೆ ಹಾಕುವ ಶಾಸ್ತ್ರ ಮಾಡಿ: ಮುತ್ತೈದೆಯರು ತೊಟ್ಟಿಲು ತೂಗಲಿ, ಜೋಗುಳ ಹೇಳಲಿ, ಅತ್ತೆಯೋ ಅಜ್ಜಿಯೋ ಕಿವಿಯಲ್ಲಿ ಹೆಸರು ಹೇಳಲಿ. ಬೀಗರನ್ನೂ ಕರೆಯಿರಿ. ಇದಕ್ಕೆ ಬಹುಪಾಲು ಸೊಸೆಯಂದಿರು ಬೇಡ ಎನ್ನಲಾರರು. ಬೇಡವೆಂದರೂ, ಮಗು ನಿಮ್ಮ ತೊಡೆಯ ಮೇಲೆ ಬೆಳೆಯುತ್ತದಲ್ಲ, ಅದೇ ದೊಡ್ಡದು.

ಪ್ರಶ್ನೆ 6: ಇಬ್ಬರ ನಡುವೆ ನನ್ನ ಮನಸ್ಸು ನೆಮ್ಮದಿಯಾಗಿಲ್ಲ. ದಿನಾ ಮಾಡುವಂಥದ್ದು ಏನಾದರೂ ಹೇಳಿ.

ಉತ್ತರ: ಸ್ತೋತ್ರ, ಜಪ ನೀವು ಮಾಡುತ್ತಲೇ ಇರುತ್ತೀರಿ, ಬಿಡಬೇಡಿ. ಅದರ ಜೊತೆಗೆ ಮಲಗುವ ಮುಂಚೆ ಹತ್ತು ನಿಮಿಷ ಇಟ್ಟುಕೊಳ್ಳಿ. ಸಂಧ್ಯಾವಂದನೆಯಲ್ಲಿ ನೀರನ್ನು ಆಚಮನ ಮಾಡುವಾಗ ಹೇಳುವ ಒಂದು ಮಂತ್ರವಿದೆ. ಮನಸ್ಸಿನಿಂದ, ಮಾತಿನಿಂದ, ಕೈಯಿಂದ, ಕಾಲಿನಿಂದ, ಹೊಟ್ಟೆಯಿಂದ ಆದ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಕಳೆದುಕೊಳ್ಳುವ ಪ್ರಾರ್ಥನೆ ಅದು. ಎಷ್ಟೋ ಜನ ಅರ್ಥ ನೋಡದೆ ಹೇಳಿ ಮುಗಿಸುತ್ತಾರೆ. ಯಜಮಾನರು ಸಂಧ್ಯಾವಂದನೆ ಮಾಡುವವರಾದರೆ ಆ ಮಂತ್ರದ ಅರ್ಥ ನಿಮಗೆ ಓದಿ ಹೇಳಲು ಕೇಳಿ. ಅವರಿಗೂ ಒಂದು ಕೆಲಸವಾಗುತ್ತದೆ.

ಕ್ಯಾಥೊಲಿಕರಲ್ಲೂ ಇದಕ್ಕೆ ಹತ್ತಿರದ ಅಭ್ಯಾಸ ಒಂದಿದೆ. ಯೇಸು ಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಹದಿನಾರನೆಯ ಶತಮಾನದಲ್ಲಿ ಅದನ್ನು ಐದು ಮೆಟ್ಟಿಲಾಗಿ ಕಲಿಸಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದ್ದು ಆ ಸಭೆಯವರೇ. ಸೊಸೆಯ ಕಡೆಯವರಿಗೆ ಇದು ಗೊತ್ತಿದ್ದರೂ ಇರಬಹುದು. ಮೊದಲು ಈ ದಿನ ಸಿಕ್ಕಿದ ಒಳ್ಳೆಯದಕ್ಕೆ ದೇವರನ್ನು ನೆನೆಯುವುದು. ಎರಡನೆಯದು, ನನ್ನನ್ನು ನಾನು ನೋಡಿಕೊಳ್ಳುವ ಬೆಳಕು ಕೊಡು ಎಂದು ಬೇಡುವುದು. ಮೂರನೆಯದು, ಬೆಳಗಿನಿಂದ ರಾತ್ರಿಯವರೆಗೆ ಆಡಿದ್ದು, ಮಾಡಿದ್ದು, ನೆನೆಸಿದ್ದನ್ನು ಒಂದೊಂದಾಗಿ ನೋಡುವುದು. ನಾಲ್ಕನೆಯದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು. ಐದನೆಯದು, ನಾಳೆ ಏನು ತಿದ್ದಿಕೊಳ್ಳುತ್ತೇನೆ ಎಂದು ನಿಶ್ಚಯಿಸುವುದು. ಇಷ್ಟದೈವದ ಮುಂದೆ ಕೂತು ಇದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನೀವು ಮೂರನೆಯ ಮೆಟ್ಟಿಲಿಗೆ ಬಂದಾಗ ಮಗನ, ಸೊಸೆಯ, ಯಜಮಾನರ ತಪ್ಪುಗಳು ಸಾಲಾಗಿ ನೆನಪಾಗುತ್ತವೆ. ಅವನ್ನು ಪಕ್ಕಕ್ಕಿಡಿ, ಅವರ ಲೆಕ್ಕ ಅವರು ನೋಡಿಕೊಳ್ಳುತ್ತಾರೆ. ನನ್ನಿಂದ ಇವತ್ತು ಯಾರು ಪಂಕ್ತಿಯ ಹೊರಗೆ ಉಳಿದರು ಎಂದು ಮಾತ್ರ ಕೇಳಿಕೊಳ್ಳಿ.

ಇನ್ನು ಯಜಮಾನರ 'ಬರೋದಿಲ್ಲ' ಎಂಬ ಮಾತಿನ ವಿಚಾರ. ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಫೋನಿನಲ್ಲಿ ಮಗನಿಗೆ ಹೇಳಿ, ಅವನೇ ಬಂದು ಕರೆಯಲಿ. ಅಪ್ಪನಿಗೆ ಅವತ್ತು ಮುಂಚೆಯೇ ತಿಳಿಸದೆ ಹೋದೆ ಎಂದು ಅವನು ಒಂದು ಮಾತು ಆಡಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಮಗುವನ್ನು ಜೊತೆಗೇ ಕರೆತರಲಿ. ಆದರೂ ಅವರು ಬರದಿದ್ದರೆ ನೀವು ಹೋಗಿ ಬನ್ನಿ. ಬಂದ ಮೇಲೆ ಮುಖ ಸಿಂಡರಿಸಬೇಡಿ, ಏನೇನಾಯಿತು ಎಂದು ಅವರು ಕೇಳದಿದ್ದರೂ ಹೇಳಿ, ಫೋಟೊ ತೋರಿಸಿ. ಮೊಂತಿ ಹಬ್ಬಕ್ಕೋ ತೊಟ್ಟಿಲು ಶಾಸ್ತ್ರಕ್ಕೋ ಅವರ ಎಲೆ ಹಾಕಿಡಿ. ಕೆಲವರಿಗಾಗಿ ಒಂದು ಪಂಕ್ತಿ ಹೆಚ್ಚು ಕಾಯಬೇಕಾಗುತ್ತದೆ, ಅಷ್ಟೇ.

ಮಗುವಿಗೆ ಆಯುರಾರೋಗ್ಯ ಸಿಗಲಿ. ಮನೆಯವರೆಲ್ಲರಿಗೂ ಶುಭವಾಗಲಿ.